ಬಾಗಿಲು ಮುಚ್ಚಿದ ಅರ್ಧ ಗಂಟೆ

ಮಂಗಳವಾರ, ಮಾರ್ಚ್ ೧೧
ಮಧ್ಯಾಹ್ನ, ಮಗು ಮಲಗಿರುವಾಗ

ನನ್ನ ಅಮ್ಮನಿಗೆ,

ಇದನ್ನು ಅಂಗಡಿಯಲ್ಲಿ ಗಿರಾಕಿಗಳ ಎದುರು ಒಡೆಯಬೇಡ. ಕತ್ತರಿ ಕೆಳಗಿಟ್ಟು, ಒಳಗೆ ಹೋಗಿ, ಕೂತು ಓದು. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ನೋಡಿದೆ. ನೀನು ಹೊಲಿಗೆ ಮೆಷಿನ್ ತುಳಿಯುತ್ತಲೇ ಮಾತಾಡುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಯಾರದೋ ತೋಳಿನ ಅಳತೆ ನಡುವೆ ಬಂದುಬಿಡುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ. ಐದು ತಿಂಗಳಾದರೂ ಗಂಟೆಗೊಮ್ಮೆ ಏಳುವುದು ಬಿಟ್ಟಿಲ್ಲ. ಅವಳು ಅತ್ತರೆ ನನಗೆ ನಿದ್ದೆಯಿಲ್ಲ, ಅಳದಿದ್ದರೆ ಯಾಕೆ ಅಳುತ್ತಿಲ್ಲವೆಂದು ನಿದ್ದೆಯಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ, ಆ ಬೆರಳಿನ ತಂಪಿಗೇ ಅವಳು ಎದ್ದುಬಿಡುತ್ತಾಳೆ. ನನ್ನ ಗಂಡ ನಗುತ್ತಾರೆ. ಇಡೀ ದಿನ ಕೆಟ್ಟುನಿಂತ ಲಿಫ್ಟುಗಳನ್ನು ರಿಪೇರಿ ಮಾಡಿ ಬಂದವರಿಗೆ ತಲೆ ದಿಂಬಿಗೆ ತಾಗಿದರೆ ಸಾಕು, ಬೆಳಗಾದ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನೀನು ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. ನನ್ನ ಕಂಕುಳಿನ ಗಂಟು ಒಂದೂವರೆ ಇಂಚು ಇದ್ದದ್ದು ಒಂದಕ್ಕೆ ಇಳಿದಿದೆ, ನಿನ್ನ ಪ್ರಾರ್ಥನೆ ಫಲಿಸ್ತಿದೆ ಕಣೇ, ಇನ್ನು ಆ ಡಾಕ್ಟರಮ್ಮ ಬರೆದುಕೊಟ್ಟ ಪರೀಕ್ಷೆ ಯಾಕೆ, ಚೀಟಿ ಹರಿದುಹಾಕಿದೆ ಅಂದೆ. ನಾನು ಹೂಂ ಅಂದೆ. ಆ ಒಂದು ‘ಹೂಂ’ ಎರಡು ದಿನದಿಂದ ನನ್ನನ್ನು ಚುಚ್ಚುತ್ತಿದೆ.

ತಿಂಗಳ ಹಿಂದೆ, ಬೇಗ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಹೇಳಿದ ದಿನವೇ ನೀನು ಫೋನ್ ಮಾಡಿ, ಹಾಲೂಡಿಸೋ ತಾಯಿ ಕೇಳಿದ್ದನ್ನ ದೇವರು ಇಲ್ಲ ಅನ್ನಲ್ಲ, ದಿನಾ ಬೆಳಗ್ಗೆ ಅರ್ಧ ಗಂಟೆ ನನಗೋಸ್ಕರ ಕೂತ್ಕೋ, ಮೊದಲು ಅವನ ಕೈಗುಣ ನೋಡೋಣ, ಆಮೇಲೆ ಡಾಕ್ಟರದು ಅಂದಿದ್ದೆ. ನಾನು ಮಾತು ಕೊಟ್ಟಿದ್ದೆ.

ಅಮ್ಮ, ನಾನು ಒಂದು ದಿನವೂ ಪ್ರಾರ್ಥಿಸಿಲ್ಲ. ನಿದ್ದೆ ಮಾಡಿದ್ದೇನೆ.

ಬೇಕೆಂದು ಅಲ್ಲ. ಮೊದಲ ದಿನ ನೀನು ಕಲಿಸಿದ ಹಾಗೇ ಎದ್ದೆ. ದಿನದ ಮೊದಲ ಮಾತು ದೇವರಿಗೆ, ಎಂಜಲು ಮಾತು ಮನುಷ್ಯರಿಗೆ ಎನ್ನುತ್ತಿದ್ದೆಯಲ್ಲ, ಅದಕ್ಕೆ ಯಾರೊಂದಿಗೂ ಮಾತಾಡದೆ ಮುಖ ತೊಳೆದು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ. ಬೆತ್ತದ ಕುರ್ಚಿಯ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿ ‘ದೇವರೇ, ನಮ್ಮಮ್ಮನ’ ಅಂದೆ. ಅಷ್ಟೇ ನೆನಪು. ಎಚ್ಚರವಾದಾಗ ನನ್ನ ಕೆನ್ನೆ ಕುರ್ಚಿಯ ಮೇಲಿತ್ತು. ಹೊರಗೆ ಬಂದರೆ ಬೆತ್ತದ ಚೌಕಳಿ ಕೆನ್ನೆಯ ಮೇಲೆ ಅಚ್ಚಾಗಿತ್ತು. ಅತ್ತೆ ನೋಡಿ, ಏನಮ್ಮಾ ಮುಖದಲ್ಲಿ ಇಷ್ಟು ಕಳೆ ಅಂದರು! ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹೆರಿಗೆಯಾದ ಮೇಲೆ ಮೊದಲ ಸಲ ತಲೆ ಹಗುರವಾಗಿತ್ತು.

ನಾಳೆಯಿಂದ ಸರಿಯಾಗಿ ಮಾಡುತ್ತೇನೆ ಅಂದುಕೊಂಡೆ. ಎರಡನೆಯ ದಿನ ನಿಂತುಕೊಂಡು ಶುರುಮಾಡಿದೆ. ಗೋಡೆಗೆ ಒರಗಿ ಮಲಗಿದೆ. ಮೂರನೆಯ ದಿನ ಗಟ್ಟಿಯಾಗಿ ಹೇಳೋಣವೆಂದು ಬಾಯಿ ಬಿಟ್ಟೆ, ಅದು ಆಕಳಿಕೆಯಾಯಿತು. ಆಮೇಲೆ ನಾಟಕ ಬಿಟ್ಟೆ, ಸುಳ್ಳೇಕೆ ಹೇಳಲಿ, ಹೋದವಳೇ ಕಾಲು ಚಾಚುತ್ತಿದ್ದೆ.

ಹೊರಗೆ ನನ್ನ ಭಕ್ತಿಗೆ ಮನೆಯೇ ಬೆರಳು ಬಾಯಿಗಿಟ್ಟು ಕಾವಲು ಕಾಯುತ್ತಿತ್ತು. ಹಾಲಿನವನು ಗಂಟೆ ಒತ್ತುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದರು, ಸೊಸೆ ದೇವರ ಹತ್ತಿರ ಕೂತಿದ್ದಾಳೆ, ಮೆಲ್ಲಗೆ ಅಂತ. ಗಂಡ ಬೂಟನ್ನು ಕೈಯಲ್ಲಿ ಹಿಡಿದು ಹೊಸಿಲು ದಾಟುತ್ತಿದ್ದರು. ಒಂದು ದಿನ, ಮೇಲಿನವನ ಹತ್ತಿರ ಹೋಗೋಕೆ ನಿನಗೆ ನನ್ನ ಲಿಫ್ಟೇ ಬೇಡ ನೋಡು ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಆಗಲೇ ಹೇಳಬಹುದಿತ್ತು. ಹೇಳಿದರೆ ಆ ಅರ್ಧ ಗಂಟೆ ಕೈತಪ್ಪುತ್ತದಲ್ಲ ಎಂಬ ಆಸೆ ನನ್ನ ಬಾಯಿ ಕಟ್ಟಿತು. ನಿನ್ನ ಹೆಸರಲ್ಲಿ ಪಡೆದ ಸಮಯವನ್ನು ನಾನು ಮಲಗಿ ಕಳೆದೆ.

ಈಗ ನನಗೆ ಏನೂ ತಿಳಿಯುತ್ತಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ತರ್ಕಶಾಸ್ತ್ರ ಓದಿದವಳು ನಾನು. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಉತ್ತರ ಬರೆದು ಒಳ್ಳೆಯ ನಂಬರು ತೆಗೆದಿದ್ದೆ. ಪ್ರಾರ್ಥನೆಯೇ ನಡೆದಿಲ್ಲ, ಗಂಟು ಮಾತ್ರ ಇಳಿದಿದೆ ಎಂದರೆ ಅದನ್ನು ಇಳಿಸಿದವರು ಯಾರು? ಅರ್ಧಕ್ಕೆ ನಿಂತ ಆ ‘ನಮ್ಮಮ್ಮನ’ ಎಂಬ ಒಂದೇ ಮಾತನ್ನು ದೇವರು ತಾನೇ ಪೂರ್ತಿ ಮಾಡಿಕೊಂಡನೋ? ನಿದ್ದೆಗೆಟ್ಟ ತಾಯಿಯ ನಿದ್ದೆಯೇ ಅವನಿಗೆ ಪ್ರಾರ್ಥನೆಯಾಗಿ ಕೇಳಿಸಿತೋ? ಹಾಗಾದರೆ ನಾನು ನಿಜ ಹೇಳಿ ಎಲ್ಲವನ್ನೂ ಕೆಡಿಸುತ್ತಿದ್ದೇನೆಯೋ? ಮಗುವಿಗೆ ಬಟ್ಟೆ ಬದಲಿಸುವಾಗಲೂ ಇದೇ ಯೋಚನೆ. ನಿನ್ನೆ ಅವಳ ಎರಡು ಕಾಲನ್ನೂ ಚಡ್ಡಿಯ ಒಂದೇ ತೂತಿಗೆ ತೂರಿಸಿದ್ದೆ.

ಆದರೆ ಇವತ್ತು ಅವಳಿಗೆ ಹಾಲು ಕುಡಿಸುವಾಗ ಇನ್ನೊಂದು ಹೊಳೆಯಿತು. ಅಮ್ಮ, ಅಂಗಡಿಗೆ ದಪ್ಪಗಿನವರು ಬಂದರೆ ನೀನು ಏನು ಮಾಡುತ್ತೀಯ? ಸೊಂಟಕ್ಕೆ ಟೇಪು ಬಿಗಿಯಾಗಿ ಎಳೆದು, ಮೂವತ್ತಾರೇ ಕಣ್ರೀ, ಇಳಿದಿದ್ದೀರಿ ಅನ್ನುತ್ತೀಯ. ಪುಸ್ತಕದಲ್ಲಿ ಮೂವತ್ತೆಂಟು ಬರೆಯುತ್ತೀಯ. ಪಾಪ, ಖುಷಿಯಾಗಿ ಮನೆಗೆ ಹೋಗಲಿ, ಬಟ್ಟೆ ಹೇಗೂ ಪುಸ್ತಕದ ಪ್ರಕಾರ ತಾನೇ ಹೊಲಿಯೋದು ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದೆ. ಭಾನುವಾರ ನೀನು ನನಗೆ ಹೇಳಿದ ಒಂದಿಂಚು ಬಾಯಲ್ಲಿ ಹೇಳುವ ಅಳತೆಯೋ, ಪುಸ್ತಕದಲ್ಲಿ ಬರೆಯುವ ಅಳತೆಯೋ?

ನಿದ್ದೆಗೆಟ್ಟ ಮಗಳು ಖುಷಿಯಾಗಿರಲಿ ಎಂದು ನನಗೂ ಟೇಪು ಬಿಗಿ ಹಿಡಿದೆಯಾ? ಹಾಗೆ ಮಾಡಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಿ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಕೂತಿದ್ದೇವೆ. ನಡುವೆ ಆ ಗಂಟು ತನ್ನ ಪಾಡಿಗೆ ತಾನಿದೆ.

ನನ್ನ ಪ್ರಾರ್ಥನೆಯ ಮೇಲೆ ಭಾರ ಹಾಕಿ ನೀನು ಚೀಟಿ ಹರಿದೆ. ಆ ಪ್ರಾರ್ಥನೆ ಇರಲೇ ಇಲ್ಲ. ಅದಕ್ಕೇ ಡಾಕ್ಟರಮ್ಮನಿಗೆ ನಾನೇ ಫೋನ್ ಮಾಡಿದೆ. ಮುಂದಿನ ಮಂಗಳವಾರ ಹತ್ತು ಗಂಟೆಗೆ ಪರೀಕ್ಷೆ. ಚೀಟಿ ಹೊಸದು ಬರೆದುಕೊಡುತ್ತಾರಂತೆ. ಸೋಮವಾರ ಸಂಜೆಯ ಬಸ್ಸಿಗೆ ಮಗುವಿನೊಂದಿಗೆ ಬರುತ್ತೇನೆ. ಬಾಗಿಲು ಹಾಕಿಕೊಂಡು ಕೂತರೆ ಹೊಸಿಲ ಮೇಲೆ ಮಗುವನ್ನು ಮಲಗಿಸುತ್ತೇನೆ; ಅವಳ ಗಂಟಲು ನಿನಗಿನ್ನೂ ಗೊತ್ತಿಲ್ಲ.

ಬೈಯುವುದಿದ್ದರೆ ಪರೀಕ್ಷೆ ಮುಗಿದ ಮೇಲೆ ಬೈಯಿ. ದೇವರು ನನ್ನ ಮೇಲೆ ಮುನಿದಿದ್ದಾನೋ ಇಲ್ಲವೋ ಗೊತ್ತಿಲ್ಲ. ನೀನು ಮಾತ್ರ ಮುನಿಯಬೇಡ.

ನಿನ್ನ ಮಡಿಲಲ್ಲಿ ತಲೆಯಿಟ್ಟು,
ನಿನ್ನ ನಿದ್ದೆಬುರುಕ ಮಗಳು

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಪೋಸ್ಟ್ ಮಾಡಿ ಬರುವ ತನಕ ಮಗುವನ್ನು ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಲು ಹೋದವಳು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ. ಅವರು ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಲೂ ಇಲ್ಲ. ಮೊದಲನೇ ದಿನಾನೇ ಗೊತ್ತು, ಮಗುವಿನ ಬಟ್ಟೆ ತಗೊಳ್ಳೋಕೆ ಬಾಗಿಲು ತೆಗೆದಿದ್ದೆ, ಮಲಗಿದ್ದವಳನ್ನ ಏಳಿಸೋ ಮನಸ್ಸಾಗಲಿಲ್ಲ, ಅದಕ್ಕೆ ಇಷ್ಟು ದಿನ ನಿನ್ನ ಪಾಲಿಂದೂ ನಾನೇ ಕೇಳ್ಕೊಂಡೆ ಅಂದರು. ಇದನ್ನು ನಿನಗೆ ತಿಳಿಸಲೋ ಬೇಡವೋ ಎಂದು ಅರ್ಧ ದಾರಿ ಹೋಗಿ ವಾಪಸು ಬಂದೆ. ನೋಡು, ಪ್ರಾರ್ಥನೆ ನಡೆದೇ ಇತ್ತಲ್ಲ ಎಂದು ನೀನು ಮತ್ತೆ ಕೂತುಬಿಡುತ್ತೀಯ ಎಂಬ ಭಯ. ಹಾಗೆ ಕೂರಬೇಡ. ಗಂಟು ಕರಗಲಿ ಎಂದು ಕೇಳಿದಿರಾ ಅಂತ ವಿಚಾರಿಸಿದೆ. ಛೇ, ನನಗೇನು ಹುಚ್ಚಾ, ನಮ್ಮ ಹಟಮಾರಿ ಬೀಗಿತ್ತಿಗೆ ಆಸ್ಪತ್ರೆ ಮೆಟ್ಟಿಲು ಹತ್ತೋ ಬುದ್ಧಿ ಕೊಡಪ್ಪಾ ಅಂತ ಕೇಳಿದೆ ಅಂದರು.