ಅಣ್ಣ ಕಟ್ಟಿದ ಪಟ್ಟಿ

ಭಾನುವಾರ, ೯ ಮಾರ್ಚ್

ಮಣಿಕಟ್ಟು ಇನ್ನೂ ಸೆಳೆಯುತ್ತಿದೆ. ಆ ನೋವನ್ನಾದರೂ ತಡೆದುಕೊಳ್ಳಬಹುದು.

ಎರಡು ವರ್ಷದಿಂದ ಅಣ್ಣ ನನಗೆ ಡಿಸ್ಕ್ ಗಾಲ್ಫ್ ಕಲಿಸುತ್ತಿದ್ದಾನೆ. ತಟ್ಟೆಯಂಥ ಡಿಸ್ಕನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವಾಗಲೆಲ್ಲ ಒಂದೇ ಪಾಠ: "ಮಣಿಕಟ್ಟು ಕಲ್ಲಿನ ಹಾಗಿರ್ಲಿ, ಕೊನೇಲಿ ಜೋರಾಗಿ ಜಾಡಿಸು." ಜಾಡಿಸಿದೆ. ಡಿಸ್ಕ್ ಅರವತ್ತು ಹೆಜ್ಜೆ ದಾಟಲಿಲ್ಲ, ಕೈ ಊದಿಕೊಂಡಿತು.

ಇವತ್ತು ಪೊದೆಯಲ್ಲಿ ಬಿದ್ದ ಡಿಸ್ಕ್ ಹುಡುಕುತ್ತಿದ್ದೆ. ಆಚೆ ಬದಿಯಲ್ಲಿ ಅಣ್ಣ, ಹೊಸದಾಗಿ ಆಟಕ್ಕೆ ಬಂದ ಅಂಚೆಯವನಿಗೆ ಹೇಳುತ್ತಿದ್ದ: "ಮಣಿಕಟ್ಟು ಸಡಿಲ ಬಿಡಿ. ಎಸೆಯೋ ಗಳಿಗೇಲಿ ಬೆರಳಷ್ಟೇ ಬಿಗಿ ಮಾಡಿ, ಅದು ತಾನಾಗೇ ಚಿಮ್ಮುತ್ತೆ. ಜಾಡಿಸೋಕೆ ಹೋದ್ರೆ ಕೈ ಕೆಡುತ್ತೆ."

ನಾನು ಗೋಡೆಗೆ ಬಣ್ಣ ಬಳಿಯುವವನು. ಬ್ರಷ್ ಹಿಡಿದು ಹೊಟ್ಟೆ ಹೊರೆಯುವುದೇ ಸಡಿಲ ಮಣಿಕಟ್ಟಿನಿಂದ. ಮೈದಾನದಲ್ಲಿ ಮಾತ್ರ ನನ್ನ ಕೈಯನ್ನು ಬಿಟ್ಟು ಅವನ ಮಾತನ್ನು ನಂಬಿದೆ.

ನನಗೇಕೆ ತಪ್ಪು ಕಲಿಸಿದೆ ಎಂದು ಮನೆಗೆ ಬರುವಾಗ ಕೇಳಿಯೇಬಿಟ್ಟೆ. ಮುಖ ಅತ್ತ ತಿರುಗಿಸಿ, "ಚಿಕ್ಕಂದಿನಿಂದ್ಲೂ ಎಲ್ಲದ್ರಲ್ಲೂ ನೀನೇ ಮುಂದೆ. ಇದೊಂದಾದ್ರೂ ನಂದಾಗಿರ್ಲಿ ಅನ್ನಿಸ್ತು ಕಣೋ" ಎಂದ.

ಅವನು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆ. ಆಟ ಹಾಳಾಗಿ ಹೋಗಲಿ. ಊದಿದ ಕೈಗೆ ಪ್ರತಿ ಭಾನುವಾರ ಎಣ್ಣೆ ತಿಕ್ಕಿ ಪಟ್ಟಿ ಕಟ್ಟುತ್ತಿದ್ದವನೂ ಅವನೇ. "ಇನ್ನೂ ಜೋರಾಗಿ ಜಾಡಿಸ್ಬೇಕು" ಎನ್ನುತ್ತಲೇ ಕಟ್ಟುತ್ತಿದ್ದ.

ಬೆಳಿಗ್ಗೆ ಆಟಕ್ಕೆ ಮುಂಚೆ ಕಟ್ಟಿದ್ದು ಇನ್ನೂ ಕೈಯಲ್ಲೇ ಇದೆ. ಎಡಗೈಯೊಂದರಿಂದ ಗಂಟು ಬಿಚ್ಚಲು ಬರುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಅವನ ದೀಪ ಉರಿಯುತ್ತಿದೆ. ಕರೆದರೆ ಈಗಲೂ ಎದ್ದು ಬಂದು, ನೋಯದ ಹಾಗೆ ಬಿಚ್ಚಿಕೊಡುತ್ತಾನೆ.

ಹಲ್ಲಿನಲ್ಲೇ ಎಳೆದು ನೋಡಬೇಕು.