ಡಾಕ್ಟರರ ಲೇತ್

ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು

ಪ್ರಿಯ ಮೈಕ್ರಾನ್,

ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಾನು ಚೆನ್ನಾಗಿಲ್ಲ. ಕಾಯಿಲೆಯೇನೂ ಅಲ್ಲ, ಗಾಬರಿಯಾಗಬೇಡ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಅಷ್ಟೇ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಶೆಡ್ಡಿಗೆ ಹೋಗಿ ಬಂದೆ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಕುರ್ಚಿಯಲ್ಲಿ ಕೂರುವುದು ಯಾವ ಮಹಾ ಕೆಲಸ ಎಂದು ನೀನು ನಗಬಹುದು. ಅಲ್ಲಿ ಕುರ್ಚಿಯೇ ಓಡುತ್ತಿತ್ತಪ್ಪ.

ನಿನ್ನ ಕಾಗದ ಶನಿವಾರ ಬಂತು. ಫೋನಿನಲ್ಲಿ ಚಿತ್ರ ಬರೆಯಲಾಗುವುದಿಲ್ಲ ಎಂಬ ನಿನ್ನ ಹಟದಿಂದ ಮತ್ತೆ ಮೂರು ಹಾಳೆ, ಎರಡೂ ಬದಿ. ನಮ್ಮ ಪಕ್ಕದ ಮನೆಯ ಡಾಕ್ಟರರ ಲೇತ್ ಕಬ್ಬಿಣದ ಸರಳನ್ನು ತಿರುಗಿಸಿ ಕಡೆಯುವಾಗ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಮಾಡುತ್ತಿದೆ ಎಂದು ನಾನು ಬರೆದಿದ್ದಕ್ಕೆ, ಅದರ ಕಾಲಿನ ನಾಲ್ಕು ಬೋಲ್ಟುಗಳ ಚಿತ್ರ ಬಿಡಿಸಿ, ಯಾವುದರ ಕೆಳಗೆ ಎಷ್ಟು ತೆಳುವಾದ ತಗಡು ತೂರಿಸಬೇಕೆಂದು ತಿಳಿಸಿದ್ದೀಯ. ಕೊನೆಗೆ ಒಂದು ಮಾತು: "ಡಾಕ್ಟರರಿಗೆ ನನ್ನ ನಮಸ್ಕಾರ ತಿಳಿಸು. ಬೋಲ್ಟು ಸಡಿಲಿಸಿ ಎರಡು ದಿನ ಬಿಡಬೇಕು. ಅವರು ಅರ್ಧ ಗಂಟೆಯೂ ಬಿಡುವುದಿಲ್ಲವೇನೋ ಎಂದು ನನಗೆ ಅನುಮಾನ."

ಬಿಟ್ಟದ್ದು ಇಪ್ಪತ್ತು ನಿಮಿಷ. ಡಾಕ್ಟರರೂ ಇಲ್ಲ, ಮಣ್ಣೂ ಇಲ್ಲ. ಪಕ್ಕದ ಮನೆ ಎರಡು ವರ್ಷದಿಂದ ಖಾಲಿ. ಆ ಲೇತ್ ನನ್ನ ಶೆಡ್ಡಿನಲ್ಲಿದೆ. ಅದು ನೀನು ಹನ್ನೊಂದು ವರ್ಷದಿಂದ ಹುಡುಕುತ್ತಿದ್ದ ಲೇತ್.

ಬರೆದುಬಿಟ್ಟೆ. ಸ್ವಲ್ಪ ನೀರು ಕುಡಿದು ಬರುತ್ತೇನೆ.

ಆ ಜಾಹೀರಾತಿನ ಚೀಟಿ ನಿನಗೆ ನೆನಪಿದೆಯಲ್ಲ, "ಹಳೆಯ ಹಸಿರು ಮೆಷಿನ್, ಏನೆಂದು ಗೊತ್ತಿಲ್ಲ, ಭಾರವಿದೆ" ಅಂತ. ಜೊತೆಗೆ ಮೂರು ಮಬ್ಬು ಫೋಟೋ. ಹೆಸರಿನ ಫಲಕ ಬಿದ್ದುಹೋಗಿತ್ತು. ಬೇರೆ ಯಾರಿಗಾದರೂ ಅದು ಗುಜರಿ. ನೀನು ಒಂದು ಹಿಡಿಕೆಯ ಬಾಗು ನೋಡಿ, ಬೆಲ್ಟಿನ ಮುಚ್ಚಳದ ಮೂರು ಸೀಳು ಎಣಿಸಿ, "ಇದು ಅದೇ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ತಕ್ಕಡಿ ರಿಪೇರಿಯ ಅಂಗಡಿಯಲ್ಲಿ ಜೀವಮಾನ ಕಳೆದವನು, ಚಹಾದ ಚಮಚೆಯ ದಪ್ಪವನ್ನೂ ಕ್ಯಾಲಿಪರ್ ಹಿಡಿದು ಅಳೆಯುವವನು, ಅದಕ್ಕೇ ತಾನೇ ನಾನು ನಿನಗೆ ಮೈಕ್ರಾನ್ ಎಂಬ ಕೂದಲೆಳೆಗಿಂತ ಸಣ್ಣ ಅಳತೆಯ ಹೆಸರಿಟ್ಟದ್ದು. ನೀನು ಯಾವ ಮಾತಿಗೂ ಗೆರೆ ಎಳೆದವನಲ್ಲ. ನಿನ್ನ ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಹಿಡಿಸುವ ಲೇತ್ ಅದೊಂದೇ, ನೀನು ಮಾಡುತ್ತಿರುವ ಪುಟ್ಟ ಉಗಿ ಎಂಜಿನ್ನಿನ ಸಿಲಿಂಡರ್ ಪೇಪರಿನಲ್ಲಿ ಸುತ್ತಿಕೊಂಡು ಅದಕ್ಕಾಗಿಯೇ ಕಾಯುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿನ್ನ ಮಂಡಿ ಎಂಟು ಗಂಟೆಯ ಬಸ್ ಪ್ರಯಾಣಕ್ಕೆ ಒಪ್ಪುವುದಿಲ್ಲ, ಮಾರುವವರ ಮನೆ ನಮ್ಮೂರಲ್ಲೇ. ಹಾಗಾಗಿ ಅವರಿಗೆ ಫೋನ್ ಮಾಡಿ ತಿಳಿಸಿ, ನೋಡಿ ಬಾ ಎಂದು ನನ್ನನ್ನು ಕಳಿಸಿದೆ.

ಮಾರುತ್ತಿದ್ದವರು ಒಬ್ಬ ಪಂಪು ರಿಪೇರಿಯವನ ಹೆಂಡತಿ. ಆತ ತೀರಿಹೋಗಿ ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಲೇತಿನ ಮೇಲೆ ಹಳೇ ಪರದೆಗಳ ಗಂಟು ಹೇರಿದ್ದರು. ಇಳಿಸಿದೆ. ನೀನು ಹೇಳಿಕೊಟ್ಟಂತೆ ಬೆಡ್ಡಿನ ಉದ್ದನೆಯ ಕಬ್ಬಿಣದ ಹಾಸಿನ ಬಲತುದಿಗೆ ಸೀಮೆಎಣ್ಣೆ ಹಚ್ಚಿ ಎರಡು ಪದರ ಬಣ್ಣ ಉಜ್ಜಿ ತೆಗೆದೆ. ಕೆತ್ತಿದ ನಂಬರು ಒಂದೊಂದೇ ಅಂಕಿಯಾಗಿ ಎದ್ದು ಬಂತು. ಆಮೇಲೆ ಉಗುರಿನ ಪರೀಕ್ಷೆ. ಹಳೇ ಲೇತ್ ಕೊಳ್ಳುವ ನಮ್ಮಂಥವರಿಗೆ ಅದೇ ಕೊನೆಯ ತೀರ್ಪು ತಾನೇ? ಕೆಲಸವೆಲ್ಲ ಸರಳು ಹಿಡಿಯುವ ಚಕ್ಕಿನ ಹತ್ತಿರ ನಡೆಯುವುದರಿಂದ ಬೆಡ್ ಸವೆದರೆ ಅಲ್ಲೇ ಸವೆಯಬೇಕು, ಸವೆದಲ್ಲಿ ಉಗುರು ತಡೆಯಬೇಕು. ಮೂರು ಸಲ ಎಳೆದೆ. ಎಲ್ಲೂ ತಡೆಯಲಿಲ್ಲ. ಬೆಡ್ ಹೊಸದರ ಹಾಗಿದೆಯಮ್ಮ ಎಂದು ಆಕೆಯ ಮುಂದೆಯೇ ಹೇಳಿದೆ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಸುಮ್ಮನಿರಲಾರದೆ ಹಿಡಿಕೆ ತಿರುಗಿಸಿದೆ. ಒಂದೇ ಬೆರಳಿಗೆ ತಿರುಗಿತು. ನನ್ನ ಶೆಡ್ಡಿನ ಸ್ಥಿತಿ ನಿನಗೆ ಗೊತ್ತಲ್ಲ. ಎಲ್ಲವೂ ಅವಸರದಲ್ಲಿ ಕೊಂಡದ್ದು, ಒಂದಕ್ಕೆ ಬಿರುಕು, ಇನ್ನೊಂದಕ್ಕೆ ಹಲ್ಲಿಲ್ಲ. ಒಂದಾದರೂ ಒಳ್ಳೆಯ ಮೆಷಿನ್ ನನ್ನದಾಗಬಾರದೇ ಎನಿಸಿತು. ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ, ಬೇರೆ ಹೆಸರು ಸಿಗುವುದಿಲ್ಲ. ಮನೆಗೆ ಬಂದವನೇ ನಿನಗೆ ಬರೆದೆ: ಉಗುರು ತಡೆಯಿತು, ಬೆಡ್ ಸವೆದಿದೆ, ನಂಬರೂ ಕಾಣುವುದಿಲ್ಲ, ಬಿಟ್ಟುಬಿಡು. ಮೂರು ಮಾತು, ಮೂರೂ ಸುಳ್ಳು. ಮಾರನೆಯ ದಿನ ಹೋಗಿ ಲೇತ್ ನನಗೇ ಇರಲಿ ಎಂದು ಆಕೆಯನ್ನು ಕೇಳಿಕೊಂಡೆ. ಮೂರನೆಯ ದಿನ ಲಾರಿ ತಂದೆ. ಬಾಗಿಲಲ್ಲಿ ನಾಲ್ವರು ನಿಂತಿದ್ದರು, ಅವರೇ ಲೇತ್ ಎತ್ತಿ ಲಾರಿಗೆ ಹಾಕಿದರು. ಆ ವಾರದ ಕೊನೆಗೆ ನಿನ್ನ ಉತ್ತರ ಬಂತು. ಹೋಗಿ ನೋಡಿದ್ದಕ್ಕೆ ಉಪಕಾರವಾಯಿತು, ಉಗುರು ಸುಳ್ಳು ಹೇಳುವುದಿಲ್ಲ, ಹೋಗಲಿ ಬಿಡು ಅಂತ.

ಐದು ತಿಂಗಳಾಯಿತು. ಅದರಲ್ಲಿ ಒಂದೇ ಒಂದು ನೆಟ್ಟಗಿನ ತುಂಡು ಮಾಡಲಾಗಿಲ್ಲ. ನನ್ನ ಸುಳ್ಳೇ ನಿಜವಾಗಿ ಬೆಡ್ ಸವೆದುಹೋಯಿತೇನೋ ಎಂದು ದಿನಾ ಉಗುರು ಎಳೆದು ನೋಡುತ್ತೇನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇದನ್ನು ಸರಿಮಾಡುವ ವಿದ್ಯೆ ಬಲ್ಲವನು ನನಗೆ ಗೊತ್ತಿರುವಂತೆ ಒಬ್ಬನೇ, ಅವನಿಗೇ ನಾನು ಟೋಪಿ ಹಾಕಿದ್ದೆ. ಅದಕ್ಕೇ ಡಾಕ್ಟರರು ಹುಟ್ಟಿದರು. ನೀನು ಕೇಳಿದ ಹಾಗೆಲ್ಲ ಬೆಳೆದರು. ಅವರಿಗೊಬ್ಬ ಹೆಂಡತಿ, ಒಂದು ಹಳೇ ಕಾರು, ಸಕ್ಕರೆ ಕಾಯಿಲೆ. ಮಂಡಿ ಸ್ವಲ್ಪ ಸುಧಾರಿಸಿದರೆ ನಾನೇ ಬಂದು ಡಾಕ್ಟರರ ಲೇತ್ ನೋಡುತ್ತೇನೆ ಎಂದು ನೀನು ಬರೆದಾಗಿನಿಂದ ಗೇಟು ಕಿರ್ರೆಂದರೂ ಎದ್ದು ನಿಲ್ಲುತ್ತೇನೆ.

ಶನಿವಾರದ ಕಾಗದವನ್ನು ನನ್ನವಳು ಒಡೆದು ಓದಿದಳು. ಯಾವ ಡಾಕ್ಟರು ಎಂದಳು. ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟು ಹೇಳಿದಳು: "ಅವರು ಕೂತ್ಕೊಂಡು ಮೂರು ಹಾಳೆ ಬರ್ದಿದಾರೆ. ನಿಮ್ಗೆ ಮೂರು ಸಾಲು ನಿಜ ಬರಿಯೋಕಾಗಲ್ವಾ?" ಆಮೇಲೆ ಎರಡು ದಿನದಿಂದ ಆ ವಿಷಯ ಎತ್ತಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಲೇತ್ ನಿನ್ನದು. ಲಾರಿ ನಾನೇ ಮಾಡಿಸಿ ಕಳಿಸುತ್ತೇನೆ. ಇದು ದೊಡ್ಡ ಮನಸ್ಸಲ್ಲ, ಅದು ಅಲ್ಲಿರುವವರೆಗೆ ನಾನು ಶೆಡ್ಡಿನೊಳಗೆ ನೆಮ್ಮದಿಯಾಗಿ ಇರಲಾರೆ. ನನಗೆ ಹೆದರಿಕೆ ಲೇತ್ ಹೋಗುವುದರ ಬಗ್ಗೆ ಅಲ್ಲ. ನೀನು ಇನ್ನು ಮೇಲೆ ನನಗೆ ಬರೆಯದಿದ್ದರೆ ಎಂದು ಹೆದರಿಕೆ. ಈ ವಯಸ್ಸಿನಲ್ಲಿ ಬೋಲ್ಟಿನ ಬಗ್ಗೆ ಮೂರು ಹಾಳೆ ಬರೆಯುವ ಇನ್ನೊಬ್ಬ ಗೆಳೆಯ ನನಗೆ ಎಲ್ಲಿ ಸಿಗುತ್ತಾನೆ? ಸಿಕ್ಕರೂ ನನಗೆ ಬೇಡ.

ಇಂತಿ, ಗೆಳೆಯ ಎಂದು ಬರೆಯಲು ಕೈ ಬರದೆ, ನೀನಿಟ್ಟ ಹೆಸರಿನಿಂದಲೇ,
ಅವಸರ

ತಾ.ಕ.: ಕಾಗದ ಅಂಟಿಸಿ ಅಂಚೆಗೆ ಹೊರಟವನು ದಾರಿಯಲ್ಲಿ ಪಂಪು ರಿಪೇರಿಯವನ ಮನೆಗೆ ಹೋದೆ. ಲೇತಿನ ಎರಡು ಗೇರ್ ಚಕ್ರಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕಿವೆ ಎಂದು ಆಕೆ ಹೇಳಿಕಳಿಸಿದ್ದರು. ನಿಮ್ಮ ಗೆಳೆಯರು ಹೇಗಿದ್ದಾರೆ ಎಂದು ವಿಚಾರಿಸಿದರು. ಯಾವ ಗೆಳೆಯ ಎಂದೆ. ಮೊದಲು ಕೇಳಿದ್ದು ಅವರಲ್ಲವೇ, ಅವರನ್ನು ಒಂದು ಮಾತು ಕೇಳದೆ ನಿಮಗೆ ಹೇಗೆ ಕೊಡಲಿ, ನೀವು ಬಂದು ಕೇಳಿದ ದಿನವೇ ಫೋನ್ ಮಾಡಿದ್ದೆ ಎಂದರು. ಬೆಡ್ ಹೊಸದರ ಹಾಗಿದೆಯಂತೆ ಎಂದೂ ನಿನಗೆ ಹೇಳಿದರಂತೆ. ಅಂದರೆ ನನ್ನ ಸುಳ್ಳಿನ ಕಾಗದ ಕೈ ಸೇರುವ ಮೊದಲೇ ನಿನಗೆ ಎಲ್ಲ ಗೊತ್ತಿತ್ತು. ಅದಕ್ಕೆ ನೀನು ಅಂದೆಯಂತೆ: "ಅವ್ನಿಗೇ ಕೊಡಿ. ಆದ್ರೆ ಎತ್ತೋಕೆ ನಾಲ್ಕು ಜನ ಗೊತ್ತು ಮಾಡಿ. ಒಬ್ನೇ ಎತ್ತೋಕೆ ಹೋಗ್ತಾನೆ, ಅವನ ಸೊಂಟ ಸರಿಯಿಲ್ಲ."

ಆ ನಾಲ್ವರು ಯಾರು, ಯಾಕೆ ನಿಂತಿದ್ದಾರೆ ಎಂದು ನಾನು ಅವತ್ತು ಕೇಳಲೂ ಇಲ್ಲ.

ಅಂಟಿಸಿದ್ದನ್ನು ಒಡೆದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಕಾಗದ ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ನಿನ್ನ ಕೈಗೆ ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಿಧಾನವಾಗಿ ಓದು. ಕಾಯುತ್ತೇನೆ.