ಕೋಳಿ ಓಡಾಡೋ ನೆಲ

೨, ಸೋಮವಾರ. ಬೆಳಿಗ್ಗೆ

ಮತ್ತೆ ಚಪ್ಪಲಿ ಹೂತೋಯ್ತು. ಹಿತ್ತಿಲಲ್ಲಿ ನೆಲ ಅನ್ನೋದೇ ಇಲ್ಲ, ಬರೀ ರಾಡಿ. ಮಳೆ ಒಂದು ಕಡೆ, ಅದರ ಮೇಲೆ ಕೋಳಿಗಳ ಕಾಣಿಕೆ. ಒಂದೇ ಚಪ್ಪಲೀಲಿ ಕುಂಟ್ಕೊಂಡು ಬಂದೆ. ಅಕ್ಕ ನೋಡಿದ್ಲು. ನಗಲಿಲ್ಲ.

ಭಾವ ತೀರ್ಕೊಂಡ ಮೇಲೆ ಬಂದೋಳು. ಒಂದು ಟ್ರಂಕು, ಆರು ಕೋಳಿ. ಮಾತು ಕೋಳಿ ಜೊತೆ ಮಾತ್ರ. ನನಗೋ ಹೆಂಡ್ತಿ ಇಲ್ಲ, ಮಕ್ಕಳಿಲ್ಲ... ಮನೇಲಿ ಸಂಸಾರ ಅಂತ ಇದ್ರೆ ಕೋಳಿಗಳದ್ದೇ.

ಸಲೂನು ತೆಗೆಯೋಕೆ ಹೊರಟೆ. ಮೇಲ್ಮನೆ ಓನರ್ ಮೆಟ್ಟಿಲಲ್ಲೇ ಹಿಡಿದ್ರು. ಮೂಗಿಗೆ ಕರ್ಚೀಫು.

"ಏನ್ರೀ ಇದು, ವಾಸನೆಗೆ ತುತ್ತು ಇಳೀತಿಲ್ಲ. ಭಾನುವಾರ ಬಂದು ನೋಡ್ತೀನಿ. ಹಿತ್ತಿಲು ಹಿಂಗೇ ಇದ್ರೆ ಕೋಳಿ ಹೊರಗೆ."

"ಕೋಳಿ ಇರ್ಲಿ ಸಾರ್, ನಾನು ಹೋಗ್ತೀನಿ. ಬಾಡಿಗೇನ ಮೊಟ್ಟೇಲಿ ಕೊಡ್ತವೆ."

ಅವರೂ ನಗಲಿಲ್ಲ. ಬೋಣಿಯೇ ಸರಿ ಇಲ್ಲ ಇವತ್ತು.

ಅಕ್ಕ ಬಾಗಿಲ ಹಿಂದೆ ಇದ್ಲು. "ಕೋಳಿಗೆ ಜಾಗ ಇಲ್ಲ ಅಂದ್ರೆ ನಾನೂ ಮೈದುನನ ಮನೆಗೆ ಹೋಗ್ತೀನಿ ಬಿಡೋ. ಕರೀತಾನೇ ಇದಾನೆ."

ಯಾಕೆ ಕರೀತಾನೆ ಅಂತ ಗೊತ್ತು. ಅವರ ಮನೆ ಕೆಲಸದೋಳು ಬಿಟ್ಟು ಹೋಗಿದಾಳೆ.

೩, ಮಂಗಳವಾರ. ಸಂಜೆ

ನಿನ್ನೆ ಸಲೂನಲ್ಲಿ ಕುರ್ಚೀಲಿ ಕೂತೋರನ್ನೆಲ್ಲ ಕೇಳಿದೆ, ಹಿತ್ತಿಲಿಗೆ ಏನು ಹಾಕೋದು ಅಂತ. ಕತ್ತಿನ ಹತ್ರ ಕತ್ತಿ ಇದ್ದಾಗ ಯಾರೂ ಗೊತ್ತಿಲ್ಲ ಅನ್ನಲ್ಲ. ಗಾರೆ ಮೇಸ್ತ್ರಿ, "ಜಲ್ಲಿ ಹಾಕು." ಬಡಗಿ, "ಮರದ ಪುಡಿ." ಹಾಲಿನೋನು, "ಒಣಹುಲ್ಲು."

ಇವತ್ತು ಸಲೂನಿಗೆ ರಜ. ಜಲ್ಲಿ ಒಂದು ಬುಟ್ಟಿ ಸುರಿದೆ. ಕೋಳಿಗಳು ಬಿಸಿ ಹೆಂಚಿನ ಮೇಲೆ ನಡೆದಂಗೆ ನಡೆದ್ವು. ಬಳಿದು ತೆಗೆದೆ. ಪುಡಿ ಹಾಕಿದೆ, ನೀರು ಕುಡಿದು ಅಂಟಾಯ್ತು. ಹುಲ್ಲು ಹಾಸಿದೆ. ಕೆಳಗಿಂದ ರಾಡಿ ಉಕ್ಕಿ ಬಂತು. ವಾಸನೆ ಇನ್ನೂ ಜಾಸ್ತಿ.

ಅಕ್ಕ ಕಿಟಕೀಲಿ ನಿಂತು ನೋಡ್ತಾನೇ ಇದ್ಲು. ಒಂದ್ಸಲ ಬಾಯಿ ತೆಗೆದಂಗಾಯ್ತು. ಕಿಟಕಿ ಹಾಕ್ಕೊಂಡ್ಲು.

೪, ಬುಧವಾರ. ಮಧ್ಯಾಹ್ನ

ಇಷ್ಟು ದಿನ ಎಲ್ಲಿತ್ತೋ ಈ ಬುದ್ಧಿ! ಸಲೂನಿನ ಮೂಲೇಲಿ ಕೂದಲಿನ ಮೂಟೆ. ಕೊಳೆಯಲ್ಲ, ಕರಗಲ್ಲ, ಪುಕ್ಕಟೆ. ಕೆಳಗೆ ಕೂದಲು ಹರಡಿದೆ, ಮೇಲೆ ಹೊಸ ಹುಲ್ಲು. ಕಾಲಿಟ್ರೆ ಸ್ಪಂಜು! ಹೂತೋಗಲ್ಲ.

ಅಕ್ಕ ಅಂಗಡಿಯಿಂದ ಬಂದ್ಲು. "ಏನು ಹಾಕಿದ್ಯೋ?"

"ಹಾಸಿಗೆ ಕಣೆ. ಮಹಾರಾಣಿಯರಿಗೆ."

ಕೂದಲು ಅಂತ ಹೇಳಲಿಲ್ಲ. ಗಲೀಜು ಅಂತಾಳೆ. ಭಾನುವಾರ ಕಳೀಲಿ, ಆಮೇಲೆ ಹೇಳಿದ್ರಾಯ್ತು.

ಮೇಲಿಂದ ಓನರ್ ಬಗ್ಗಿ ನೋಡಿದ್ರು. "ಪರವಾಗಿಲ್ವೇ!" ಅಂದ್ರು. ಎದೆ ಉಬ್ಬೋಯ್ತು.

೬, ಶುಕ್ರವಾರ. ಬೆಳಿಗ್ಗೆ

ಕೆಂಪಿ ಕಾಳು ಮುಟ್ಟಿಲ್ಲ. ಅಕ್ಕನ ಕೋಳಿಗಳಲ್ಲಿ ಹಿರೀದು ಅದೇ, ಭಾವ ತಂದುಕೊಟ್ಟಿದ್ದು. ಕಣ್ಣು ಅರ್ಧ ಮುಚ್ಕೊಂಡು ನಿಂತಿದೆ. ಕತ್ತಿನ ಬುಡದಲ್ಲಿ, ಕಾಳು ತುಂಬೋ ಚೀಲ, ಕಲ್ಲಿನಂಗೆ ಗಟ್ಟಿ.

"ಅಜೀರ್ಣ ಇರ್ಬೇಕು" ಅಂದೆ. ಹೇಳ್ತಾ ಹೇಳ್ತಾ ಹಿತ್ತಿಲ ಕಡೆ ನೋಡಿದೆ. ಮಿಕ್ಕ ಐದೂ ಹುಲ್ಲು ಕೆದರ್ತಿವೆ. ಒಂದರ ಕೊಕ್ಕಲ್ಲಿ ಕೂದಲು, ಉದ್ದಕ್ಕೆ. ನುಂಗ್ತು.

ಅಕ್ಕನಿಗೆ ಹೇಳಲಿಲ್ಲ. ಐದನ್ನೂ ಗೂಡಿಗೆ ತಳ್ಳಿ ಬಾಗಿಲು ಹಾಕಿದೆ. ಯಾಕೆ ಅಂದ್ಲು. ಮೋಡ ಆಗಿದೆ ಅಂದೆ. ಮೇಲೆ ಚುರ್ರನೆ ಬಿಸಿಲು.

ಅದೇ ದಿನ, ಸಂಜೆ

ದನದ ಡಾಕ್ಟ್ರ ಹತ್ರ ಹೋದ್ವಿ. ಮೇಜಿನ ಮೇಲೆ ಕೆಂಪಿ, ರೆಕ್ಕೆ ಹಿಡಿದು ಅಕ್ಕ.

"ಏನು ತಿಂದಿದೆಯಮ್ಮ?"

"ಕಾಳು, ಸೊಪ್ಪು. ಇನ್ನೇನೂ ಇಲ್ಲ ಸಾರ್."

ಡಾಕ್ಟ್ರು ಒತ್ತಿ ನೋಡಿದ್ರು. "ಸೊಪ್ಪು ಕಟ್ಕೊಂಡಿದ್ರೆ ನೀವಿ ನೀವಿ ಕರಗಿಸಬಹುದು. ಒಂದೆರಡು ದಿನ ನೋಡೋಣ. ಬೇರೆ ಏನಾದ್ರೂ ಇದ್ರೆ ಈಗ್ಲೇ ಕೊಯ್ಯಬೇಕು. ನಾಳೆವರೆಗೆ ತಡೆಯಲ್ಲ. ಸುಮ್ಸುಮ್ನೆ ಕೊಯ್ದ್ರೂ ಉಳಿಯಲ್ಲ, ವಯಸ್ಸಾಗಿದೆ. ಸರಿಯಾಗಿ ಹೇಳಿ."

"ಸೊಪ್ಪೇ ಸಾರ್" ಅಂದ್ಲು ಅಕ್ಕ. ಡಾಕ್ಟ್ರು ಕೈ ಒರೆಸ್ಕೊಂಡ್ರು. ಆಯ್ತು, ಮನೆಗೆ ಕರ್ಕೊಂಡು ಹೋಗಿ ಅನ್ನೋ ಥರ...

"ಕೂದಲು" ಅಂದೆ. "ಕೂದಲು ತಿಂದಿದೆ ಸಾರ್. ನಾನೇ ಹಾಸಿದ್ದು."

ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಕೈ ಮಾತ್ರ ರೆಕ್ಕೆ ಮೇಲೆ ಬಿಗಿಯಾಯ್ತು.

ಕೊಯ್ದ್ರು. ಚಿಮಟದಲ್ಲಿ ಎಳೆದ್ರು, ಬರ್ತಾನೇ ಇತ್ತು. ಕಪ್ಪು, ನರೆ, ಮಧ್ಯ ಮಧ್ಯ ತಾಮ್ರದ ಬಣ್ಣ. ಆ ಬಣ್ಣ ಹಾಕಿಸೋರು ನಮ್ಮ ಬೀದೀಲಿ ಓನರ್ ಒಬ್ಬರೇ.

"ಬಾಚಣಿಗೆ ಒಂದು ನುಂಗಿಲ್ಲ ನೋಡಿ" ಅಂದ್ರು ಡಾಕ್ಟ್ರು, ಹೊಲಿಗೆ ಹಾಕ್ತಾ. ಬೇರೆ ದಿನ ಆಗಿದ್ರೆ ನಾನೇ ಅಂತಿದ್ದೆ ಈ ಮಾತು.

ರಾತ್ರಿ ಕಳೆದ್ರೆ ಉಳಿದಂಗೆ ಅಂತೆ.

ಆಟೋದಲ್ಲಿ ಅಕ್ಕನ ಮಡಿಲಲ್ಲಿ ಬುಟ್ಟಿ. ಅರ್ಧ ದಾರಿ ಆದ್ಮೇಲೆ ಅಂದ್ಲು: "ನೀನು ಮೇಸ್ತ್ರೀನ ಕೇಳಿದೆ. ಬಡಗೀನ ಕೇಳಿದೆ. ಗಡ್ಡ ಕೆರೆಸ್ಕೊಳ್ಳೋಕೆ ಬಂದೋರನ್ನೆಲ್ಲ ಕೇಳಿದೆ. ಮದುವೆ ಆದಾಗಿಂದ ಕೋಳಿ ಸಾಕಿದೀನಿ. ನನ್ನ ಒಂದ್ಮಾತು ಕೇಳಿದ್ಯೇನೋ?"

"ನೀನಾದ್ರೂ ಹೇಳ್ಬಾರ್ದಿತ್ತಾ?"

"ನಿನ್ನ ಮನೆ. ಬಂದು ಕೂತಿರೋಳು ನಾನು. ಅದು ಹಾಕು, ಇದು ಹಾಕು ಅಂತ ಹೆಂಗೋ ಹೇಳ್ಲಿ?"

೭, ಶನಿವಾರ. ಬೆಳಿಗ್ಗೆ

ಕೆಂಪಿ ಬದುಕಿದೆ. ಹನಿ ಹನಿ ನೀರು ಕುಡೀತು. ಮಿಕ್ಕ ಐದರ ಚೀಲಾನೂ ಒತ್ತಿ ನೋಡಿದೆ, ಮೆತ್ತಗಿದೆ.

ಟ್ರಂಕು ಮಂಚದ ಕೆಳಗಿಂದ ಹೊರಗೆ ಬಂದಿದೆ. ಸೀರೆ ಮಡಚಿ ಇಡ್ತಿದಾಳೆ. ಮೈದುನ ನಾಳೆ ಬರ್ತಾನಂತೆ, ಕರ್ಕೊಂಡು ಹೋಗೋಕೆ.

ಸಲೂನು ತೆಗೀಲಿಲ್ಲ. ಹುಲ್ಲು, ಕೂದಲು ಎಲ್ಲ ಬಾಚಿ ಮೂಟೆ ಕಟ್ಟಿದೆ. ಕೆಸರಲ್ಲಿ ಅಂಟಿರೋದು ಬರಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆರಿಸಿದೆ. ಸೊಂಟ ಬಿದ್ದೋಯ್ತು.

ಎಷ್ಟು ಹೊತ್ತಾಗಿತ್ತೋ. ಪಕ್ಕದಲ್ಲಿ ಅಕ್ಕನ ಕಾಲು.

"ಆ ಮೂಲೇಲಿ ಇನ್ನೂ ಇದೆ."

ಆರಿಸಿದೆ. ತಲೆ ಎತ್ತದೇ ಕೇಳಿದೆ: "ಏನು ಹಾಕ್ಲಿ ಅಕ್ಕಾ? ನೀನೇ ಹೇಳು."

ಪಕ್ಕದಲ್ಲೇ ಕುಕ್ಕರಿಸಿದ್ಲು. ಆಮೇಲೆ ಶುರು ಮಾಡಿದ್ಲು ನೋಡಿ... "ಮೊದಲು ನೀರು ಹೋಗೋಕೆ ಕಾಲುವೆ ತೋಡು. ನೀರು ನಿಂತ್ರೆ ಬಂಗಾರ ಹಾಸಿದ್ರೂ ನಾರತ್ತೆ. ಆಮೇಲೆ ಮರಳು. ನುಣ್ಣಗಿರೋದಲ್ಲ, ದಪ್ಪಂದು. ಒಂದು ಗೇಣು. ಗೂಡಿನೊಳಗೆ ಹೊಟ್ಟು. ದಿನಾ ಬೆಳಿಗ್ಗೆ ಹಿಕ್ಕೆ ಬಾಚಿ ತೆಗೀಬೇಕು, ತಪ್ಪಿಸಂಗಿಲ್ಲ."

ಇಷ್ಟು ಮಾತು ಒಟ್ಟಿಗೆ ಕೇಳಿ ಎಷ್ಟು ಕಾಲ ಆಗಿತ್ತು.

"ದಿನಾ ಯಾರು ತೆಗೀತಾರೆ?" ಅಂದೆ.

ಒಳಗೆ ಹೋದ್ಲು. ಟ್ರಂಕಿನ ಮುಚ್ಚಳ ಸದ್ದಾಯ್ತು... ತೆಗೆದಿದ್ದೋ, ಹಾಕಿದ್ದೋ.

೮, ಭಾನುವಾರ. ಬೆಳಿಗ್ಗೆ

ಕಾಲುವೆ ತೋಡಿದ್ದಾಯ್ತು. ಅಂಗೈಯೆಲ್ಲ ಬೊಬ್ಬೆ. ಓನರ್ ಬಂದ್ರು, ಕರ್ಚೀಫು ಸಮೇತ. ಬರೀ ಮಣ್ಣು ನೋಡಿ ಹುಬ್ಬು ಗಂಟಾಯ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಅಕ್ಕ, "ಮರಳು ಬರ್ತಿದೆ ಸಾರ್. ಇನ್ನೊಂದು ಮಳೆ ಬರ್ಲಿ. ಆಗ ವಾಸನೆ ಬಂದ್ರೆ ನನ್ನ ಕೇಳಿ."

ಅವರು ಅಕ್ಕನ ದನಿ ಕೇಳಿದ್ದೇ ಮೊದಲು. "ಆಯ್ತಮ್ಮ, ನೋಡೋಣ" ಅಂದ್ರು. ಕರ್ಚೀಫು ಜೇಬಿಗೆ.

ಟ್ರಂಕು ಇನ್ನೂ ಹೊರಗೇ ಇದೆ. ಬೀಗ ಹಾಕಿದೆ.

ಮರಳಿನ ಗಾಡಿ ಬಂತು. ಹೋಗ್ಬೇಕು.

ಅದೇ ದಿನ

ನಿಂತ್ಕೊಂಡೇ ಬರೀತಿದೀನಿ. ಡ್ರೈವರ್ ಕೇಳ್ದ, "ಯಜಮಾನ್ರೇ, ಎಲ್ಲಿ ಸುರೀಲಿ?" ಅಕ್ಕನ ಕಡೆ ಕೈ ತೋರಿಸ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಾಳೆ. ಅಷ್ಟರಲ್ಲಿ ಒಳಗೆ ಫೋನು. ಮೈದುನ.

ಅಕ್ಕ ಹಿತ್ತಿಲಿಂದಲೇ ಕೂಗಿದ್ಲು: "ನೀನೇ ಎತ್ತಿ ಹೇಳೋ, ಅವಳಿಗೆ ಪುರುಸೊತ್ತಿಲ್ಲ ಅಂತ. ಇವತ್ತೂ ಇಲ್ಲ, ಮುಂದಕ್ಕೂ ಇಲ್ಲ. ಹಂಗೇ ಸನಿಕೆ ತಗೊಂಬಾ!"

ಹೇಳಿದೆ. ಅದೇ ಮಾತಲ್ಲಿ. ಆ ಕಡೆಯಿಂದ ಟಕ್ ಅಂತ ಇಟ್ಟ.

ಅಕ್ಷರ ಎಲ್ಲೆಲ್ಲೋ ಓಡ್ತಿದೆ. ಮತ್ತೆ ಕೂಗ್ತಿದಾಳೆ — ಅಲ್ಲಲ್ಲ ಕಣಪ್ಪಾ, ನಮ್ಮ ಗೋಡೆಗೆ ತಾಗಿಸ್ಬೇಡ ಅಂತ ಡ್ರೈವರ್‌ಗೆ... ನಮ್ಮ ಗೋಡೆ ಅಂದ್ಲು. ಬಂದೆ ಕಣೇ, ಸನಿಕೆ ಎಲ್ಲಿ